ಇರುಳಿನಲ್ಲಿ ಉದ್ಯಾನ

ಬೇಸಗೆಯ ಒಂದು ರಾತ್ರಿ, ಹತ್ತು ಗಂಟೆಯ ಸುಮಾರಿಗೆ, ಬಿಸಿಲು ಬಿದ್ದ ಪಡುವಣ ಗೋಡೆಗೆ ಅಂಗೈಯನ್ನು ತಾಗಿಸಿ ನೋಡಿ. ಸೂರ್ಯನು ಮುಳುಗಿ ಮೂರು ಗಂಟೆಗಳಾಗಿದ್ದರೂ ಗೋಡೆ ಇನ್ನೂ ಬೆಚ್ಚಗಿರುತ್ತದೆ. ಅನಂತರ ಬಯಲಿನ ಹುಲ್ಲುಹಾಸನ್ನು ಮುಟ್ಟಿ, ಅದು ತಣ್ಣಗಿರುತ್ತದೆ. ಒಂದೇ ಸೂರ್ಯನ ಕೆಳಗೆ ಹಗಲನ್ನು ಕಳೆದ ಈ ಎರಡರಲ್ಲಿ ಇಷ್ಟು ಅಂತರವೇಕೆ?

ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳುಂಟು. ಕಲ್ಲು, ಇಟ್ಟಿಗೆ, ಕಾಂಕ್ರೀಟುಗಳು ಹಗಲಿನಲ್ಲಿ ಹೀರಿದ ಶಾಖವನ್ನು ತಮ್ಮೊಳಗೆ ಸಂಗ್ರಹಿಸಿಟ್ಟು ರಾತ್ರಿಯಲ್ಲಿ ನಿಧಾನವಾಗಿ ಹೊರಬಿಡುತ್ತವೆ. ಗಿಡಮರಗಳಾದರೋ ತಮಗೆ ದೊರೆತ ಶಾಖದ ಬಹುಭಾಗವನ್ನು ಎಲೆಗಳ ನೀರನ್ನು ಆವಿಯಾಗಿಸುವುದಕ್ಕೆ ವ್ಯಯಮಾಡುತ್ತವೆ. ಒಂದು ಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಎರಡನೆಯ ಕಾರಣ ಆಕಾಶ. ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಹೊರಸೂಸುತ್ತಿರುತ್ತದೆ. ಹುಲ್ಲುಹಾಸಿನ ಮುಂದೆ ಇಡೀ ಆಕಾಶವೇ ತೆರೆದಿರುವುದರಿಂದ ಅದರ ಶಾಖ ಬೇಗ ಮೇಲಕ್ಕೆ ಹೋಗಿಬಿಡುತ್ತದೆ. ಇಕ್ಕಟ್ಟಾದ ಓಣಿಗೆ ಕಾಣುವುದು ಆಕಾಶದ ಒಂದು ಪಟ್ಟಿ ಮಾತ್ರ. ಅಲ್ಲಿ ಒಂದು ಗೋಡೆಯ ಶಾಖವನ್ನು ಎದುರಿನ ಗೋಡೆ ಹೀರುತ್ತದೆ. ದಟ್ಟವಾದ ಮರವೂ ಆಕಾಶವನ್ನು ಮರೆಮಾಡುವುದರಿಂದ, ಇರುಳಿನಲ್ಲಿ ಮರದಡಿಗಿಂತ ಬಯಲೇ ಹೆಚ್ಚು ತಂಪು.

ಲಂಡನ್ ನಗರದ ಲ್ಯೂಕ್ ಹೊವರ್ಡ್ ಎಂಬಾತನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಇದನ್ನು ಅಳೆದಿದ್ದನು. ನಗರವು ಹಳ್ಳಿಗಾಡಿಗಿಂತ ರಾತ್ರಿಯಲ್ಲಿ ಸರಾಸರಿ 3.7 ಫ್ಯಾರನ್‌ಹೀಟ್ ಡಿಗ್ರಿಗಳಷ್ಟು ಬಿಸಿಯಾಗಿತ್ತು. ಹಗಲಿನಲ್ಲಿ ಈ ಅಂತರ ಇರಲಿಲ್ಲ. ಎಂದರೆ ನಗರದ ಬೇಗೆ ವಿಶೇಷವಾಗಿ ರಾತ್ರಿಯ ಬೇಗೆ.

ಇದು ಬರಿಯ ಅಂಕಿಗಳ ವಿಚಾರವಲ್ಲ. ನಿದ್ರೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಸುತ್ತಲಿನ ಗಾಳಿ ಬಿಸಿಯಾಗಿದ್ದರೆ ಅದು ಇಳಿಯದು. 2003ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಮೊಂಸೂರಿ ವೀಕ್ಷಣಾಲಯದಲ್ಲಿ ರಾತ್ರಿಯ ಕನಿಷ್ಠ ಉಷ್ಣತೆಯೇ 25.5 ಸೆಂಟಿಗ್ರೇಡ್ ಡಿಗ್ರಿಯಾಗಿತ್ತು. ಆ ವೀಕ್ಷಣಾಲಯವಿರುವುದು ಉದ್ಯಾನವೊಂದರಲ್ಲಿ! ಸತುವಿನ ತಗಡಿನ ಛಾವಣಿಯ ಕೆಳಗಿನ ಕೋಣೆಗಳ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಆ ಬೇಗೆಗೆ ಫ್ರಾನ್ಸಿನಲ್ಲಿ ಸುಮಾರು 15,000 ಜನರು ಬಲಿಯಾದರು. ಅವರಲ್ಲಿ ಬಹುಮಂದಿ ವೃದ್ಧರು, ಅನೇಕರು ಒಂಟಿಯಾಗಿ ಬಾಳುತ್ತಿದ್ದವರು. ಈಚಿನ ಬೇಸಗೆಗಳಲ್ಲಿ ಪ್ಯಾರಿಸ್ ನಗರಾಡಳಿತವು ಹಲವು ಉದ್ಯಾನಗಳನ್ನು ರಾತ್ರಿಯಿಡೀ ತೆರೆದಿಡತೊಡಗಿದೆ. ಸಿಂಗಪುರದ ಸಸ್ಯೋದ್ಯಾನ ನಡುರಾತ್ರಿಯವರೆಗೂ ತೆರೆದಿರುತ್ತದೆ. ಅಲ್ಲಿ ದೊರೆಯುವುದು ತಂಪು ಮಾತ್ರವಲ್ಲ. ಹಗಲೆಲ್ಲ ದುಡಿದವನಿಗೆ ವಿರಾಮ, ಒಂಟಿಯಾದವನಿಗೆ ನಾಲ್ಕು ಜನರ ಮುಖದರ್ಶನ. ನಗರವಾಸಿಯ ಸುಖದಲ್ಲಿ ಇವುಗಳ ಪಾಲು ಸಣ್ಣದಲ್ಲ.

ರಾತ್ರಿ ಮರಗಳು ವಿಷವಾಯುವನ್ನು ಬಿಡುತ್ತವೆ, ಅಲ್ಲಿಗೆ ಹೋಗಬಾರದು ಎಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು. ಮರಗಳು ಉಸಿರಾಡುವುದು ನಿಜ. ಆದರೆ ಅವು ಬಿಡುವ ಇಂಗಾಲದ ಡೈಆಕ್ಸೈಡ್ ಬಯಲಿನ ಗಾಳಿಯಲ್ಲಿ ಚದುರಿಹೋಗುವಷ್ಟು ಅಲ್ಪ. ನಾವೇ ಒಬ್ಬೊಬ್ಬರೂ ದಿನಕ್ಕೆ ಸುಮಾರು ಒಂದು ಕಿಲೋಗ್ರಾಂ ಬಿಡುತ್ತೇವೆ. ಮುಚ್ಚಿದ ಕೋಣೆಯಲ್ಲಿ ನಾಲ್ವರು ಮಲಗಲು ಹೆದರದ ನಾವು ಮರಕ್ಕೆ ಹೆದರಬೇಕಾಗಿಲ್ಲ.

ನಿಜವಾದ ತೊಡಕುಗಳು ಬೇರೆ. ಕತ್ತಲಲ್ಲಿ ಹೆಂಗಸರಿಗೂ ಮಕ್ಕಳಿಗೂ ರಕ್ಷಣೆ ಬೇಕು. ಅದಕ್ಕೆ ಬೆಳಕೂ ಕಾವಲೂ ಬೇಕು. ಆದರೆ ಬೆಳಕು ಹೆಚ್ಚಾದರೆ ಮಿಂಚುಹುಳು, ಗೂಬೆ, ಬಾವಲಿಗಳ ಬಾಳಿಗೆ ಕೇಡು. ಆದುದರಿಂದ ಉದ್ಯಾನದ ಒಂದು ಭಾಗವನ್ನು, ಅದರಲ್ಲಿಯೂ ಬಯಲಾದ ಹುಲ್ಲುಹಾಸನ್ನು, ಕೆಳಮುಖವಾದ ಮಂದ ದೀಪಗಳೊಡನೆ ಜನರಿಗೆ ತೆರೆದು, ಮರಗಳು ದಟ್ಟವಾಗಿರುವ ಭಾಗವನ್ನು ಕತ್ತಲಿಗೇ ಬಿಡುವುದು ಯುಕ್ತವೆಂದು ತೋರುತ್ತದೆ.

ಬೆಂಗಳೂರಿನ ಲಾಲ್‌ಬಾಗ್ 240 ಎಕರೆಗಳಷ್ಟು ವಿಶಾಲವಾಗಿದೆ. ಅದರ ಬಾಗಿಲು ಸಂಜೆಯೇ ಮುಚ್ಚುತ್ತದೆ. ನಿಮ್ಮ ಊರಿನ ಉದ್ಯಾನದ ಕಥೆ ಏನು? ಒಂದು ಉಷ್ಣತಾಮಾಪಕವನ್ನು ತೆಗೆದುಕೊಂಡು, ರಾತ್ರಿ ಒಂಬತ್ತು ಗಂಟೆಗೆ ನಿಮ್ಮ ಬೀದಿಯಲ್ಲಿಯೂ ಹತ್ತಿರದ ಆಟದ ಬಯಲಿನಲ್ಲಿಯೂ ನೆಲದಿಂದ ಒಂದೇ ಎತ್ತರದಲ್ಲಿ ಹಿಡಿದು, ವಾರವೊಂದರ ಅಂಕಿಗಳನ್ನು ಬರೆದಿಡಿ. ಬೀಗದ ಕೈ ಯಾರಲ್ಲಿದೆಯೋ ಅವರೊಡನೆ ಮಾತನಾಡುವಾಗ ಆ ಪಟ್ಟಿ ನಿಮ್ಮ ಕೈಯಲ್ಲಿರಲಿ.