ಪ್ರಾಸ್ಟೇಟ್ ಹಿಗ್ಗುವಿಕೆ ಮತ್ತು ಮೂತ್ರಬಾಧೆಯ ಪರೀಕ್ಷೆಗಳು

ಕಾವೇರಿ ಉಕ್ಕಿದಾಗ ರಸ್ತೆಗಳು ಮುಳುಗುವ ನಾಪೋಕ್ಲುವಿನಂತಹ ಊರಿನ ವೃದ್ಧರಿಗೆ, ಮೂತ್ರಬಾಧೆಯ ಯಾವ ಪರೀಕ್ಷೆ ಮನೆಯಲ್ಲೇ ಸಾಧ್ಯ, ಯಾವುದಕ್ಕೆ ಮಡಿಕೇರಿ ಅಥವಾ ಮೈಸೂರಿನ ದಾರಿ ಹಿಡಿಯಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಪ್ರಾಸ್ಟೇಟ್ ಗ್ರಂಥಿಯ ಗಾತ್ರಕ್ಕೂ ಬಾಧೆಯ ತೀವ್ರತೆಗೂ ನೇರ ಸಂಬಂಧವಿಲ್ಲ. ಆದುದರಿಂದ ಸ್ಕ್ಯಾನಿಂಗ್ ವರದಿಯ ಗಾತ್ರವೊಂದನ್ನೇ ಆಧರಿಸಿ ಶಸ್ತ್ರಚಿಕಿತ್ಸೆಯನ್ನು ನಿರ್ಧರಿಸುವುದು ಯುಕ್ತವಲ್ಲ. ಬಾಧೆಯನ್ನು ಅಳೆಯಲು 7 ಪ್ರಶ್ನೆಗಳ, ಗರಿಷ್ಠ 35 ಅಂಕಗಳ ಪಟ್ಟಿಯೊಂದು ಬಳಕೆಯಲ್ಲಿದೆ. 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರವೆಂದು ಪರಿಗಣಿಸಲಾಗುತ್ತದೆ. ಇದಕ್ಕಿಂತಲೂ ಉಪಯುಕ್ತವಾದುದು, ಆದರೆ ಹೆಚ್ಚಾಗಿ ಅಲಕ್ಷ್ಯಕ್ಕೊಳಗಾದುದು, 3 ದಿನಗಳ ಮೂತ್ರದ ದಿನಚರಿ. ಅಳತೆಯ ಲೋಟವೊಂದಿದ್ದರೆ ಸಾಕು. ವೃದ್ಧರಲ್ಲಿ ದಿನದ ಒಟ್ಟು ಮೂತ್ರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ಉತ್ಪತ್ತಿಯಾಗುತ್ತಿದ್ದರೆ, ಕಾರಣವನ್ನು ಕಾಲಿನ ಬಾವು, ಹೃದಯದ ದೌರ್ಬಲ್ಯ ಅಥವಾ ನಿದ್ರೆಯ ಉಸಿರುಗಟ್ಟುವಿಕೆಯಲ್ಲಿಯೂ ಹುಡುಕಬೇಕಾಗುತ್ತದೆ. ಅಂತಹವರಿಗೆ ಗ್ರಂಥಿಯನ್ನು ಕೊರೆದು ತೆಗೆದರೂ ರಾತ್ರಿ ಏಳುವುದು ತಪ್ಪದಿರಬಹುದು.

ಹರಿವಿನ ವೇಗವನ್ನು ಅಳೆಯುವ ಯಂತ್ರಪರೀಕ್ಷೆಗೆ ಕನಿಷ್ಠ 150 ಮಿ.ಲೀ. ಮೂತ್ರ ಬೇಕು. ಗರಿಷ್ಠ ವೇಗ ಸೆಕೆಂಡಿಗೆ 10 ಮಿ.ಲೀ.ಗಿಂತ ಕಡಿಮೆಯಿದ್ದರೆ ಅಡಚಣೆಯ ಶಂಕೆ ಬಲವಾಗುತ್ತದೆ. ಆದರೆ ಮೂತ್ರಕೋಶದ ಸ್ನಾಯು ಸೋತಿದ್ದರೂ ಅದೇ ಅಂಕಿ ಬರುತ್ತದೆ! ಇವೆರಡನ್ನೂ ಬೇರ್ಪಡಿಸಲು ಕೊಳವೆ ಇಳಿಸಿ ಒತ್ತಡವನ್ನು ಅಳೆಯಬೇಕು. ಇಂಗ್ಲೆಂಡಿನ 26 ಆಸ್ಪತ್ರೆಗಳಲ್ಲಿ 820 ಪುರುಷರ ಮೇಲೆ ನಡೆದು 2020ರಲ್ಲಿ ಪ್ರಕಟವಾದ 'ಅಪ್‌ಸ್ಟ್ರೀಮ್' ಅಧ್ಯಯನದಲ್ಲಿ, ಈ ಪರೀಕ್ಷೆಯನ್ನು ಸೇರಿಸಿದುದರಿಂದ ಶಸ್ತ್ರಚಿಕಿತ್ಸೆಗಳ ಪ್ರಮಾಣ ತಗ್ಗಲಿಲ್ಲ: ಪರೀಕ್ಷೆ ಸೇರಿಸಿದ ಗುಂಪಿನಲ್ಲಿ ಶೇ. 38, ಸೇರಿಸದ ಗುಂಪಿನಲ್ಲಿ ಶೇ. 36. ಆದುದರಿಂದ ಸಂದೇಹ ಉಳಿದವರಿಗಷ್ಟೇ ಈ ಪರೀಕ್ಷೆ ಸೂಕ್ತ. ಉಳಿದವರು ಅದಕ್ಕಾಗಿ ದೂರ ಪ್ರಯಾಣಿಸಬೇಕಾಗಿಲ್ಲ. ಮೂತ್ರ ಪೂರ್ಣವಾಗಿ ಕಟ್ಟಿಕೊಂಡಾಗ ಮಾತ್ರ ಯಾವ ಪರೀಕ್ಷೆಗೂ ಕಾಯದೆ ಹತ್ತಿರದ ಆಸ್ಪತ್ರೆಯಲ್ಲಿ ಕೊಳವೆ ಹಾಕಿಸಿಕೊಳ್ಳಬೇಕು.