ಹದಿಹರೆಯದ ನಡಿಗೆ, ತಾರುಣ್ಯದ ಮೇದಸ್ಸು

ರೈಲುಹಾದಿ ಕೊನೆಗೊಳ್ಳುವ ತಾಳಗುಪ್ಪದ ಸುತ್ತಣ ಹಳ್ಳಿಯೊಂದರ ಹುಡುಗನನ್ನು ಊಹಿಸಿಕೊಳ್ಳೋಣ. ಹನ್ನೊಂದರ ಪ್ರಾಯದಲ್ಲಿ ಅವನು ಕಾಲುದಾರಿಯಲ್ಲಿ ಶಾಲೆಗೆ ನಡೆಯುತ್ತಾನೆ; ಸಂಜೆ ತೋಟಕ್ಕಿಳಿದು ಉದುರಿದ ಅಡಕೆಯನ್ನು ಹೆಕ್ಕುತ್ತಾನೆ, ಕೊಟ್ಟಿಗೆಗೆ ಸೊಪ್ಪು ತರುತ್ತಾನೆ. ಇಪ್ಪತ್ತರ ಹೊತ್ತಿಗೆ ಅವನೇ ಬಸ್ಸಿನಲ್ಲಿ ಕುಳಿತು ಸಾಗರದ ಕಾಲೇಜಿಗೆ ಹೋಗುತ್ತಾನೆ. ಅಲ್ಲಿ ಬೆಂಚಿನ ಮೇಲೆ, ಮನೆಗೆ ಮರಳಿದ ಮೇಲೆ ಮೊಬೈಲಿನ ಮುಂದೆ ಕುಳಿತಿರುತ್ತಾನೆ. ಊಟವೇನೂ ಕಡಿಮೆಯಾಗಿಲ್ಲ. ಇದರ ಪರಿಣಾಮವೇನು?

ಆಹಾರದಿಂದ ಬಂದ ಶಕ್ತಿಯಲ್ಲಿ ವ್ಯಯವಾಗದೆ ಉಳಿದುದು ಬಹುಮಟ್ಟಿಗೆ ಮೇದಸ್ಸಿನ ರೂಪದಲ್ಲಿ ವಿಶಿಷ್ಟ ಜೀವಕೋಶಗಳಲ್ಲಿ ಶೇಖರವಾಗುತ್ತದೆ. ಈ ಕೋಶಗಳ ಸಂಖ್ಯೆಯು ಬಾಲ್ಯದಲ್ಲಿಯೂ ಹದಿಹರೆಯದಲ್ಲಿಯೂ ಏರಿ, ವಯಸ್ಕರಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿ ನಿಲ್ಲುವುದೆಂದು ಸ್ವೀಡನ್ನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಮುಂದೆ ತೂಕವಿಳಿಸಿದಾಗ ಕೋಶಗಳು ಕುಗ್ಗುತ್ತವೆಯೇ ಹೊರತು ಅವುಗಳ ಸಂಖ್ಯೆ ತಗ್ಗುವುದಿಲ್ಲ. ಆದುದರಿಂದ ಹದಿಹರೆಯವು ಮಹತ್ವದ ಕಾಲ.

ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದಲ್ಲಿ 1991-92ರ ಸುಮಾರಿಗೆ ಜನಿಸಿದ ಮಕ್ಕಳಿಗೆ 11, 15 ಮತ್ತು 24ನೆಯ ವಯಸ್ಸುಗಳಲ್ಲಿ ಚಲನಮಾಪಕವನ್ನು ಕಟ್ಟಿ ಪರೀಕ್ಷಿಸಲಾಯಿತು. ದಿನಕ್ಕೆ ಸುಮಾರು 6 ಗಂಟೆಯಿದ್ದ ಕುಳಿತಿರುವ ಅವಧಿಯು 24ರ ವೇಳೆಗೆ ಸುಮಾರು 9 ಗಂಟೆಗೆ ಏರಿತ್ತು; ನಡಿಗೆ, ಮನೆಗೆಲಸಗಳಂಥ ಲಘು ಚಲನೆ ಸುಮಾರು ಅರ್ಧಕ್ಕೆ ಇಳಿದಿತ್ತು. ಹೆಚ್ಚು ಕುಳಿತವರಲ್ಲಿ ಮೇದಸ್ಸು ಹೆಚ್ಚಿತ್ತು. ಲಘು ಚಲನೆಯನ್ನು ಉಳಿಸಿಕೊಂಡವರಲ್ಲಿ ಕಡಿಮೆಯಿತ್ತು. ಇದು ಸಂಬಂಧವನ್ನು ಸೂಚಿಸುವ ವೀಕ್ಷಣೆಯೇ ಹೊರತು ಕಾರಣವನ್ನು ನಿಸ್ಸಂಶಯವಾಗಿ ಸಾಧಿಸುವ ಪ್ರಯೋಗವಲ್ಲ ಎಂಬುದನ್ನು ಓದುಗರು ಮರೆಯಬಾರದು. ಆದರೂ ಆಟದ ಮೈದಾನವೊಂದೇ ಅಲ್ಲ, ದಿನದ ಸಣ್ಣಪುಟ್ಟ ಓಡಾಟವೂ ಲೆಕ್ಕಕ್ಕೆ ಬರುತ್ತದೆಂಬುದು ಇದರಿಂದ ತಿಳಿಯುತ್ತದೆ.

‘ನಾನು ಸಣಕಲು, ನನಗೇಕೆ ಈ ಚಿಂತೆ?’ ಎನ್ನುವವರು ಮೈಸೂರಿನತ್ತ ನೋಡಬೇಕು. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಜನಿಸಿದ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ತೂಕದಲ್ಲಿ ಕಿರಿಯವಾಗಿದ್ದರೂ ಅವುಗಳ ಬೆನ್ನಿನ ಚರ್ಮದಡಿಯ ಮೇದಸ್ಸು ಆ ಪ್ರಮಾಣದಲ್ಲಿ ಕಡಿಮೆಯಿರಲಿಲ್ಲ. ನಮ್ಮವರಲ್ಲಿ ತೆಳುವಾದ ಮೈಯೊಳಗೂ ಮೇದಸ್ಸು ಅಡಗಿರಬಲ್ಲುದು. ಮಧುಮೇಹಕ್ಕೆ ಅದು ಹಾದಿ ಮಾಡಿಕೊಡಬಲ್ಲುದು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಲನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅದಕ್ಕೆ ವ್ಯಾಯಾಮಶಾಲೆಯೇ ಆಗಬೇಕೆಂದಿಲ್ಲ. ಹುಡುಗನಾಗಲಿ ಹುಡುಗಿಯಾಗಲಿ, ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ಬಿರಬಿರನೆ ನಡೆಯಬಹುದು; ಕಾಲೇಜು ಸೇರಿದ ಮೇಲೂ ಸಂಜೆ ತೋಟಕ್ಕಿಳಿಯಬಹುದು. ಹನ್ನೊಂದರಲ್ಲಿದ್ದ ಅಭ್ಯಾಸವನ್ನು ಇಪ್ಪತ್ತರಲ್ಲಿ ಬಿಡದಿರುವುದೇ ಇಲ್ಲಿ ಮುಖ್ಯ.