ನಮ್ಮ ನೆಲದ ಉಷ್ಟ್ರಪಕ್ಷಿ ಮತ್ತು ಅದರ ಬಂಧುಬಳಗ

ದಬ್ಬೇಘಟ್ಟದ ಸುತ್ತಿನ ತೆಂಗಿನ ತೋಟಗಳಲ್ಲಿ ಕೊಳವೆಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲಿನ ಪುಡಿಯನ್ನು ಗಮನಿಸಿದ್ದೀರಾ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತಳದಲ್ಲಿರುವ ನೈಸ್ ಮುಂತಾದ ಶಿಲೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ನಾವು ತರಗತಿಯಲ್ಲಿ ಹೇಳುವ ಆರ್ಕಿಯಾಪ್ಟೆರಿಕ್ಸ್ ಬದುಕಿದ್ದುದು ಸುಮಾರು 15 ಕೋಟಿ ವರ್ಷಗಳ ಹಿಂದೆ. ಹಾಗಾಗಿ ಈ ಬಂಡೆಯನ್ನು ಎಷ್ಟು ಒಡೆದರೂ ಹಕ್ಕಿಯ ಪಳೆಯುಳಿಕೆ ಸಿಗದು. ಅದನ್ನು ಹುಡುಕಬೇಕಾದುದು ಬಂಡೆಯ ಮೇಲೆ ಬಹಳ ಈಚೆಗೆ ಕೂಡಿದ ಮೆಕ್ಕಲಿನಲ್ಲಿ, ಗುಹೆಗಳ ಮಣ್ಣಿನಲ್ಲಿ.

ಅಂಥ ಮಣ್ಣಿನಲ್ಲಿ ನಮ್ಮ ನೆರೆಯಲ್ಲೇ ಒಂದು ಸೋಜಿಗ ದೊರೆತಿದೆ. ಆಂಧ್ರಪ್ರದೇಶದ ಪ್ರಕಾಶಂ ಜಿಲ್ಲೆಯಲ್ಲಿ ವಡೋದರದ ಎಂ.ಎಸ್. ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ವಿದೇಶಿ ಸಹೋದ್ಯೋಗಿಗಳು ಸುಮಾರು 41,000 ವರ್ಷಗಳಷ್ಟು ಹಳೆಯ ಉಷ್ಟ್ರಪಕ್ಷಿಯ ಗೂಡನ್ನು ಪತ್ತೆ ಮಾಡಿದ್ದಾರೆಂದು 2024ರಲ್ಲಿ ವರದಿಯಾಯಿತು. ಒಂದು ಹಾಸಿಗೆಯಷ್ಟೂ ಅಗಲವಿಲ್ಲದ ಗುಂಡಿಯಲ್ಲಿ ಸುಮಾರು 3,500 ಮೊಟ್ಟೆಚಿಪ್ಪಿನ ಚೂರುಗಳು! ಉಷ್ಟ್ರಪಕ್ಷಿ ಎಂದೊಡನೆ ಆಫ್ರಿಕ ನೆನಪಾಗುವ ನಮಗೆ ಇದು ಹೊಸತೆನಿಸಬಹುದು. ಆದರೆ ಶಿವಾಲಿಕ್ ಬೆಟ್ಟಗಳಲ್ಲಿ ದೊರೆತ ಮೂಳೆಗಳನ್ನು ಆಧರಿಸಿ ಫ್ರೆಂಚ್ ವಿಜ್ಞಾನಿ ಮಿಲ್ನ್-ಎಡ್ವರ್ಡ್ಸ್ 1871ರಲ್ಲೇ ‘ಸ್ಟ್ರೂಥಿಯೊ ಏಷ್ಯಾಟಿಕಸ್’ ಎಂಬ ಪ್ರಭೇದವನ್ನು ಹೆಸರಿಸಿದ್ದರು. ರಾಜಸ್ಥಾನ, ಮಧ್ಯಪ್ರದೇಶ, ಮಹಾರಾಷ್ಟ್ರಗಳ ಹಲವಾರು ನೆಲೆಗಳಲ್ಲಿ ಚಿಪ್ಪಿನ ಚೂರುಗಳು ಸಿಕ್ಕಿವೆ.

ಮೂಳೆಗಿಂತ ಚಿಪ್ಪೇ ಹೆಚ್ಚು ಉಳಿದಿರುವುದೇಕೆ? ಉಷ್ಟ್ರಪಕ್ಷಿಯ ಮೊಟ್ಟೆ ಸುಲಿದ ತೆಂಗಿನಕಾಯಿಗಿಂತ ತುಸು ದೊಡ್ಡದು. ತೂಕ ಸುಮಾರು ಒಂದೂವರೆ ಕಿಲೊ. ಚಿಪ್ಪಿನ ದಪ್ಪ ಸುಮಾರು 2 ಮಿಲಿಮೀಟರ್. ಕೋಳಿಮೊಟ್ಟೆಯದು ಇದರ ಐದನೇ ಒಂದು ಭಾಗದಷ್ಟೂ ಇಲ್ಲ. ಚಿಪ್ಪು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್. ಕೋಳಿಮೊಟ್ಟೆಯನ್ನು ಬಿಸಿನೀರಿಗೆ ಬಿಟ್ಟು ನೋಡಿ: ಮೈಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಮರಿಯ ಉಸಿರಾಟಕ್ಕೆ ಬೇಕಾದ ಸೂಕ್ಷ್ಮ ರಂಧ್ರಗಳ ಗುರುತು ಅದು. ಈ ರಂಧ್ರಗಳ ವಿನ್ಯಾಸ ಹಕ್ಕಿಯಿಂದ ಹಕ್ಕಿಗೆ ಬೇರೆ. ಆದ್ದರಿಂದ ಬೆರಳುಗುರಿನಷ್ಟು ಚೂರಿನಿಂದಲೂ ಅದು ಯಾವ ಗುಂಪಿನ ಹಕ್ಕಿಯದೆಂದು ಊಹಿಸಬಹುದು.

ಊಹೆಯನ್ನು ಖಚಿತಪಡಿಸಿದ್ದು ಡಿಎನ್‌ಎ. ಬಿಸಿ ಹವೆಯ ನಾಡುಗಳಲ್ಲಿ ಮೂಳೆಯೊಳಗಿನ ಡಿಎನ್‌ಎ ಬೇಗ ನಶಿಸುತ್ತದೆ. ಚಿಪ್ಪಿನ ಹರಳುಗಳ ನಡುವೆ ಸಿಕ್ಕಿಕೊಂಡದ್ದು ಹೆಚ್ಚು ಕಾಲ ಉಳಿಯಬಲ್ಲದು. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನಿಷ್ಠ 25,000 ವರ್ಷ ಹಳೆಯ ಭಾರತೀಯ ಚಿಪ್ಪುಗಳಿಂದ ಮೈಟೊಕಾಂಡ್ರಿಯದ ಡಿಎನ್‌ಎ ಭಾಗವೊಂದನ್ನು ಬೇರ್ಪಡಿಸಿ ಓದಲಾಯಿತು. ಅದು ಇಂದಿನ ಆಫ್ರಿಕದ ಉಷ್ಟ್ರಪಕ್ಷಿಯ ಡಿಎನ್‌ಎಯನ್ನು ಬಹುಮಟ್ಟಿಗೆ ಹೋಲುತ್ತಿತ್ತು.

ಇಲ್ಲಿಂದ ಮುಂದಿನ ಪ್ರಶ್ನೆ ಶಿಕ್ಷಕರಿಗೆ ಮುಖ್ಯ. ಈ ಹಕ್ಕಿ ಇಲ್ಲಿಗೆ ಬಂದದ್ದು ಹೇಗೆ? ಉಷ್ಟ್ರಪಕ್ಷಿ, ದಕ್ಷಿಣ ಅಮೆರಿಕದ ರಿಯಾ, ಆಸ್ಟ್ರೇಲಿಯದ ಎಮು, ನ್ಯೂಜಿಲೆಂಡಿನ ಕೀವಿ, ಅಳಿದುಹೋದ ಮೋವಾ, ಮಡಗಾಸ್ಕರಿನ ಆನೆಹಕ್ಕಿ, ಇವೆಲ್ಲ ಹಾರಲಾರದವು. ಹಾರುವ ಸ್ನಾಯುಗಳಿಗೆ ಆಸರೆಯಾಗುವ ಏಣು ಇವುಗಳ ಎದೆಮೂಳೆಯಲ್ಲಿಲ್ಲ. ಒಂದೇ ಹಾರದ ಪೂರ್ವಜನಿಂದ ಹುಟ್ಟಿ, ಗೊಂಡ್ವಾನ ಭೂಖಂಡ ಒಡೆದಾಗ ಒಂದೊಂದು ತುಂಡಿನ ಮೇಲೆ ಒಂದೊಂದು ಉಳಿದವು ಎಂದು ನಾವೆಲ್ಲ ಓದಿದ್ದೇವೆ, ಹೇಳಿದ್ದೇವೆ. ಚೆಂದದ ಕಥೆ; ಭೂಖಂಡಗಳ ಅಲೆತಕ್ಕೆ ಒಳ್ಳೆಯ ಉದಾಹರಣೆಯೂ ಹೌದು. ಆದರೆ ಅದು ಈಗ ನಿಲ್ಲುತ್ತಿಲ್ಲ.

ಆನೆಹಕ್ಕಿಯ ಅತಿ ಹತ್ತಿರದ ಬಂಧು ಪಕ್ಕದ ಆಫ್ರಿಕದ ಉಷ್ಟ್ರಪಕ್ಷಿಯಲ್ಲ, ಸಾಗರದಾಚೆಯ ಪುಟ್ಟ ಕೀವಿ ಎಂದು 2014ರಲ್ಲಿ ಡಿಎನ್‌ಎ ತೋರಿಸಿತು. ಮೋವಾಗಳಿಗೆ ಹತ್ತಿರದವು ದಕ್ಷಿಣ ಅಮೆರಿಕದ ಟಿನಾಮುಗಳು, ಅವಂತೂ ಹಾರುತ್ತವೆ! ಅಂದರೆ ಹಾರುವ ಪೂರ್ವಜರು ಬೇರೆ ಬೇರೆ ನೆಲಗಳಿಗೆ ತಲುಪಿ, ಅಲ್ಲಲ್ಲೇ ಪ್ರತ್ಯೇಕವಾಗಿ ಹಾರಾಟವನ್ನು ಕಳೆದುಕೊಂಡಿರಬೇಕು. ಈ ಬಳಗದಲ್ಲಿ ಮೊದಲು ಕವಲೊಡೆದ ಶಾಖೆ ಉಷ್ಟ್ರಪಕ್ಷಿಯದು.

ಭಾರತದ ಉಷ್ಟ್ರಪಕ್ಷಿಗೂ ಇದೇ ತರ್ಕವನ್ನು ಹಚ್ಚಿ. ಮಡಗಾಸ್ಕರಿನಿಂದ ಭಾರತ ಬೇರ್ಪಟ್ಟಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಫ್ರಿಕದಿಂದ ಇವೆರಡೂ ಅಗಲಿದ್ದು ಅದಕ್ಕೂ ಬಹಳ ಮೊದಲು. ‘ಸ್ಟ್ರೂಥಿಯೊ’ ಕುಲದ ಅತಿ ಹಳೆಯ ಪಳೆಯುಳಿಕೆ ನಮೀಬಿಯದ್ದು, ಸುಮಾರು 2.1 ಕೋಟಿ ವರ್ಷಗಳದು. ಹಡಗು ಹೊರಟು ಆರು ಕೋಟಿ ವರ್ಷಗಳಾದ ಮೇಲೆ ಕಾಣಿಸಿಕೊಂಡ ಪ್ರಯಾಣಿಕ ಆ ಹಡಗಿನಲ್ಲಿ ಬಂದಿರಲಾರ. ಭಾರತ ಏಷ್ಯಕ್ಕೆ ಸೇರಿದ ನಂತರ ನಡೆದುಕೊಂಡೇ ಬಂದಿರಬೇಕು. ಸಿಸಿಎಂಬಿ ಫಲಿತಾಂಶ ಬಂದಾಗ ಅದನ್ನು ಗೊಂಡ್ವಾನದ ಪುರಾವೆಯೆಂದು ಕೊಂಡಾಡಿದವರಿದ್ದರು. ಚಿಪ್ಪು ಉಷ್ಟ್ರಪಕ್ಷಿಯದೆಂಬುದಕ್ಕೆ ಅದು ಗಟ್ಟಿ ಪುರಾವೆ. ಬಂದ ದಾರಿಗೆ ಅಲ್ಲ, ಎಂಬುದು ಈ ಲೇಖಕನ ಅಭಿಪ್ರಾಯ. ಮಧ್ಯ ಏಷ್ಯದ ಕೊಕ್ಕರೆಯಂಥ, ಉದ್ದ ಕಾಲಿನ ಅಳಿದ ಹಕ್ಕಿಗಳೇ (ಇಯೊಗ್ರೂಯಿಡ್‌ಗಳು) ಉಷ್ಟ್ರಪಕ್ಷಿಯ ಪೂರ್ವರೂಪಗಳೆಂದು ಮೈರ್ ಮತ್ತು ಝೆಲೆಂಕೊವ್ 2021ರಲ್ಲಿ ವಾದಿಸಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ಆಗಲೇ ಕಾಲ್ಬೆರಳು ಎರಡಕ್ಕೆ ಇಳಿಯುತ್ತಿತ್ತು. ಇಂದಿನ ಉಷ್ಟ್ರಪಕ್ಷಿಗೂ ಎರಡೇ ಬೆರಳು. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯೂ ಸಾಕಿದ್ದ ಎಮುವಿಗೆ ಮೂರು.

ಮನುಷ್ಯರಿಗೂ ಈ ಹಕ್ಕಿಯ ಪರಿಚಯವಿತ್ತು. ಮಹಾರಾಷ್ಟ್ರದ ಜಳಗಾವ್ ಜಿಲ್ಲೆಯ ಪಾಟಣೆಯಲ್ಲಿ ಎಸ್.ಎ. ಸಾಲಿಯವರು ನಡೆಸಿದ ಉತ್ಖನನದಲ್ಲಿ ಸುಮಾರು 25,000 ವರ್ಷ ಹಳೆಯ ಚಿಪ್ಪಿನ ಮಣಿಗಳೂ ಗೀರುಗೆರೆಗಳ ಚೂರೂ ದೊರೆತವು. ಹೀಗೆ ಗೆರೆಗಳಿರುವ ಚೂರುಗಳು ಬೇರೆಡೆಯೂ ಸಿಕ್ಕಿ, ಎಲ್ಲವೂ ಶಿಲಾಯುಗದ ಕಲೆಯೆಂದು ನಂಬಲಾಗಿತ್ತು. ರಾಬರ್ಟ್ ಬೆಡ್ನಾರಿಕ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಬಹುಪಾಲು ಗೆರೆಗಳು ಸಹಜವಾಗಿ ಉಂಟಾದವೆಂದೂ, ಪಾಟಣೆಯ ಚೂರಿನದು ಮಾತ್ರ ಮನುಷ್ಯನ ಕೈಕೆಲಸವೆಂದೂ ತೀರ್ಮಾನಿಸಿದರು.